ಹಳೆ ಸ್ಕೂಟರ್ ಮಾರುವವರ ಸುಳ್ಳು ನನಗೆ ಸಿಗತೊಡಗಿದ್ದು ಹೀಗೆ

ಹಳೆ ಗಾಡಿ ಕೊಂಡು ಮಾರುವ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುವುದು ಒಂದೇ: ಮಾರೋಕೆ ಬಂದ ಪಾರ್ಟಿಯ ಕಣ್ಣು ನೋಡು. ನಾನು ಅದನ್ನು ಬಿಟ್ಟು ಪ್ರಶ್ನೆ ಕೇಳತೊಡಗಿದೆ. "ಗಾಡಿ ನೋಡೋಕೆ ಬಂದಿದೀಯೋ, ಪೊಲೀಸ್ ಕೆಲಸಕ್ಕೋ" ಎಂದು ಪಾರ್ಟ್ನರ್ ರೇಗುತ್ತಿದ್ದ. ಈಗ ಮಾತಾಡಲು ನನ್ನನ್ನೇ ಕರೆಯುತ್ತಾನೆ.

ಕಣ್ಣು ನಂಬಿ ಕಳೆದ ದುಡ್ಡು ಕಮ್ಮಿ ಇಲ್ಲ. ಒಬ್ಬರು ನೇರ ಮುಖ ನೋಡಿ "ಸಿಂಗಲ್ ಓನರ್ ಸಾರ್, ಶೋರೂಮ್ ಸರ್ವಿಸ್" ಎಂದು ಕೊಟ್ಟ ಸ್ಕೂಟರ್ ನೀರಲ್ಲಿ ಮುಳುಗೆದ್ದದ್ದು. ವೈರಿಂಗ್, ಬೇರಿಂಗ್, ಇಂಜಿನ್ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ನೆಲ ನೋಡುತ್ತಾ ತಡವರಿಸಿದ ತುಮಕೂರಿನ ಹುಡುಗನ ಗಾಡಿ ಮಾತ್ರ ಹೇಳಿದ ಹಾಗೇ ಇತ್ತು. ಆಮೇಲೆ ಓದಿದೆ: ಬಾಂಡ್, ಡಿಪಾಲೊ ಎಂಬ ಸಂಶೋಧಕರು 24 ಸಾವಿರಕ್ಕೂ ಹೆಚ್ಚು ಜನರ ಅಂದಾಜುಗಳನ್ನು ಸೇರಿಸಿ 2006ರಲ್ಲಿ ಲೆಕ್ಕ ಕೊಟ್ಟರು. ಸುಳ್ಳೋ ನಿಜವೋ ಎಂದು ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ ಅಷ್ಟೇ. ನಾಣ್ಯ ಚಿಮ್ಮಿದರೂ 50 ಬರುತ್ತದೆ!

ಕಿಲೋಮೀಟರ್, ಮೈಲೇಜ್ ಕೇಳಿದರೆ ಉಪಯೋಗ ಇಲ್ಲ, ಉತ್ತರ ರೆಡಿ ಇರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕಡೆಯ ಗಾಡಿ ಅಂದರೆ ನಾನು ಕೇಳುವುದು, 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಮುಳುಗಿತ್ತಲ್ವಾ, ಅವತ್ತು ಆಫೀಸಿಗೆ ಹೇಗೆ ಹೋದಿರಿ, ಗಾಡಿ ಎಲ್ಲಿ ನಿಲ್ಲಿಸಿದ್ದಿರಿ? ನಿಜ ಹೇಳುವವರು ಯೋಚಿಸುತ್ತಾರೆ, "ಇಲ್ಲ ಇಲ್ಲ, ಅದು ಮಾರನೇ ದಿನ" ಎಂದು ತಿದ್ದಿಕೊಳ್ಳುತ್ತಾರೆ, ಪಕ್ಕದ ಮನೆಯವರ ಕಾರು ಕೆಟ್ಟಿದ್ದು, ಹಾಲು ಸಿಗದೆ ಇದ್ದದ್ದು, ಹೀಗೆ ಬೇಡದ್ದೆಲ್ಲ ಸೇರಿಸುತ್ತಾರೆ. ಸುಳ್ಳಿನವರದ್ದು ಚಿಕ್ಕ ಉತ್ತರ, "ಮೇಲೆ ನಿಲ್ಲಿಸಿದ್ದೆ, ಏನೂ ಆಗಿಲ್ಲ". ಮತ್ತೆ ಕೇಳಿದರೂ ಅದೇ ಸಾಲು.

ಇನ್ನೊಂದು, ಸೀಟಿನ ಕೆಳಗೆ ಕೆಸರಿನ ಗುರುತು ಕಂಡರೂ ಮೊದಲೇ ಬಾಯಿ ಬಿಡಬೇಡಿ. ಪೂರ್ತಿ ಹೇಳಲಿ, ಆಮೇಲೆ ತೋರಿಸಿ. ಮೊದಲೇ ತೋರಿಸಿದರೆ ಅದಕ್ಕೆ ತಕ್ಕ ಕಥೆ ಹುಟ್ಟುತ್ತದೆ. ಓಡಿದ ಕಿಲೋಮೀಟರ್ ಕಮ್ಮಿ ಕಾಣಲಿ ಎಂದು ಮೀಟರ್ ತಿರುಗಿಸಿದವರಿಗೆ ಬೇರೆ ಪ್ರಶ್ನೆ ಇಟ್ಟಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಕಥೆಯನ್ನು ಕೊನೆಯಿಂದ ಹಿಂದಕ್ಕೆ ಹೇಳಿಸಿಯೂ ನೋಡಿದೆ. ಸುಳ್ಳಿನವರು ಸಿಕ್ಕಿಹಾಕಿಕೊಂಡರು ನಿಜ, ಆದರೆ ಒಳ್ಳೆ ಪಾರ್ಟಿಗಳೂ ಬೇಜಾರಾಗಿ ಎದ್ದು ಹೋದರು, ಅಂಗಡಿಗೆ ಅದು ಆಗಿಬರಲ್ಲ. ಫೋನಿನಲ್ಲೇ ಮೊದಲು ಮಾತಾಡುವುದು ಚೆನ್ನಾಗಿ ಕೆಲಸ ಮಾಡಿತು, ಮುಖ ಕಾಣದಿದ್ದರೆ ಮಾತಿನ ಮೇಲೆ ಗಮನ ಇರುತ್ತದೆ. ಮೊದಲು ತಿಂಗಳಿಗೆ ಎಂಟು ಹತ್ತು ಸಾವಿರ ರಿಪೇರಿಗೆ ಕೈಬಿಟ್ಟು ಹೋಗುತ್ತಿತ್ತು, ಈಗ ಎರಡರ ಒಳಗೆ.