ಇಳಕಲ್ಲಿನ ಮಗ್ಗದ ಮನೆಯಲ್ಲಿ ಪಿಎಚ್.ಡಿ.: ನನ್ನ ಅನುಭವ

ನಮ್ಮ ಕಡೆ ಶಿಕ್ಷಣದಲ್ಲಿ ಪಿಎಚ್.ಡಿ. ಅಂದರೆ ಬಹಳ ಮಂದಿಗೆ ಕಣ್ಣಮುಂದೆ ಬರುವುದು ಒಂದು ಮನೋಭಾವ ಮಾಪನಿ, ಮುನ್ನೂರು ವಿದ್ಯಾರ್ಥಿಗಳು, ಕೊನೆಗೆ ಎರಡು ಗುಂಪಿನ ಸರಾಸರಿ ಹೋಲಿಸುವ ಒಂದು ಟಿ-ಪರೀಕ್ಷೆ. ಕಲಿಕೆಯನ್ನು ಜನರ ಒಡನಾಟ, ಸಂಸ್ಕೃತಿಯ ಒಳಗಿಟ್ಟು ನೋಡುವ ಸಾಮಾಜಿಕ-ಸಾಂಸ್ಕೃತಿಕ ಮನೋವಿಜ್ಞಾನದಲ್ಲಿ ಆ ಅಚ್ಚು ಕೂಡುವುದಿಲ್ಲ. ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿಯ (1896–1934) ಹಾದಿ ಹಿಡಿದವರಿಗೆ ಅಧ್ಯಯನದ ಘಟಕ ಒಬ್ಬ ವಿದ್ಯಾರ್ಥಿಯ ಅಂಕವಲ್ಲ. ಕಲಿಯುವವರು, ಕಲಿಸುವವರು, ಉಪಕರಣ, ಮಾತು ಎಲ್ಲ ಕೂಡಿ ನಡೆಯುವ ಚಟುವಟಿಕೆಯೇ ಘಟಕ. ಇದನ್ನು ಊರಿಗೆ ಕಾಲಿಡುವ ಮೊದಲೇ ತೀರ್ಮಾನಿಸಬೇಕು.

ನಾನು ಆರಿಸಿಕೊಂಡದ್ದು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಗ್ಗದ ಮನೆಗಳನ್ನು. ‘ನೇಕಾರಿಕೆಯ ಕಲಿಕೆ’ ಎಂದು ಸಾರಲೇಖ (ಸಂಶೋಧನೆಯ ಪ್ರಸ್ತಾವ, ಸಿನಾಪ್ಸಿಸ್) ಬರೆದರೆ ವಿಷಯ ಕೈಗೆ ಸಿಗುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅದೊಂದನ್ನೇ ಹಿಡಿದೆ. ಆ ಕೆಲಸಕ್ಕೆ ಸ್ಪಷ್ಟ ಆರಂಭ, ಅಂತ್ಯ ಇವೆ, ಹಿರಿಯರು ಪಕ್ಕದಲ್ಲೇ ಕೂತಿರುತ್ತಾರೆ, ಮತ್ತೆ ಮತ್ತೆ ನಡೆಯುತ್ತದೆ.

ಪ್ರವೇಶದ ಲೆಕ್ಕ ಚುಟುಕಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅವಧಿ 3ರಿಂದ 6 ವರ್ಷ. ಮಾರ್ಗದರ್ಶಕರು ಪ್ರೊಫೆಸರ್ ಆದರೆ 8, ಅಸೋಸಿಯೇಟ್ ಪ್ರೊಫೆಸರ್ ಆದರೆ 6, ಅಸಿಸ್ಟೆಂಟ್ ಪ್ರೊಫೆಸರ್ ಆದರೆ 4 ಸಂಶೋಧಕರ ಮಿತಿ ಇದೆ. ಬೆಳಗಾವಿಯ ರಾಣಿ ಚನ್ನಮ್ಮ ಇರಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರಲಿ, ಮೊದಲು ನಿಮ್ಮ ಮಾರ್ಗದರ್ಶಕರ ಬಳಿ ಸೀಟು ಖಾಲಿ ಇದೆಯೇ, ಅಂಕಿಸಂಖ್ಯೆಗಿಂತ ಮಾತು, ನಡೆಗಳನ್ನು ಆಧರಿಸುವ ಗುಣಾತ್ಮಕ ಸಂಶೋಧನೆಯನ್ನು ಅವರು ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಿ. ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ.

ಹದಿನಾಲ್ಕರೊಳಗಿನವರನ್ನು ಆರಿಸಿದರೆ ಬಾಲಕಾರ್ಮಿಕ ಕಾನೂನಿನ ಪ್ರಶ್ನೆ ಸಂಶೋಧನೆಯ ನೀತಿ ಸಮಿತಿಯಲ್ಲಿ (ಎಥಿಕ್ಸ್ ಕಮಿಟಿ) ಎದ್ದೇ ಏಳುತ್ತದೆ. ನಾನು ಕಾಲೇಜಿನಿಂದ ಬಂದು ಮಗ್ಗದ ಹತ್ತಿರ ಕೂಡುವ 15–17ರ ವಯಸ್ಸಿನವರನ್ನು ತೆಗೆದುಕೊಂಡೆ. ತಂದೆತಾಯಿಯ ಸಹಿಯ ಜೊತೆಗೆ ಕಲಿಯುವವರ ಒಪ್ಪಿಗೆಯೂ ಬೇಕು. ಒಪ್ಪಿಗೆ ಪತ್ರವನ್ನು ಮನೆಮಾತಿನಲ್ಲಿ ಓದಿ ಹೇಳಬೇಕು. ಹೆಸರು ಬದಲಿಸಿದರಷ್ಟೇ ಸಾಲದು. ಚಿಕ್ಕ ಊರು, ದಡಿಯ ಬಣ್ಣ ಬರೆದರೂ ಯಾರ ಮನೆ ಎಂದು ಓಣಿಯವರಿಗೆ ಗೊತ್ತಾಗುತ್ತದೆ.

ಧ್ವನಿಮುದ್ರಣ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ರೆಕಾರ್ಡರನ್ನು ಮಗ್ಗದ ಕಂಬಕ್ಕೆ ಆನಿಸಿ ಇಡುವುದು. ಹಲಗೆಯ ಪ್ರತಿ ಬಡಿತವೂ ಮಾತನ್ನು ನುಂಗುತ್ತದೆ. ಕಾಲರಿಗೆ ಸಿಗಿಸುವ ಮೈಕು ಬಳಸಿ, ರೆಕಾರ್ಡರನ್ನು ಮಡಚಿದ ಬಟ್ಟೆಯ ಮೇಲಿಡಿ. ನೆಲದ ಕುಣಿಯಲ್ಲಿ ಕಾಲಿಳಿಸಿ ಕೂಡುವ ಕುಣಿಮಗ್ಗದಲ್ಲಿ ನೇಯುವವರ ಕೈ ನೆಲದಿಂದ ಹೆಚ್ಚು ಮೇಲಿರುವುದಿಲ್ಲ. ನಿಂತು ವಿಡಿಯೊ ಮಾಡಿದರೆ ತಲೆ ಮಾತ್ರ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಕ್ಯಾಮೆರಾ ಪಕ್ಕದಲ್ಲಿ, ಮೊಣಕೈ ಮಟ್ಟದಲ್ಲಿರಲಿ. ಹಬ್ಬದ ಆರ್ಡರಿನ ಒತ್ತಡ ಇದ್ದಾಗ ಹೋಗಬೇಡಿ. ಆಗ ಯಾರಿಗೂ ಕಲಿಸುವ ಪುರುಸೊತ್ತು ಇರುವುದಿಲ್ಲ.

ನಿಜವಾದ ಪ್ರಬಂಧ ಹುಟ್ಟುವುದು ಲಿಪ್ಯಂತರದಲ್ಲಿ, ಅಂದರೆ ಧ್ವನಿಮುದ್ರಣ ಕೇಳಿ ಮಾತನ್ನು ಇದ್ದಂತೆಯೇ ಬರಹಕ್ಕೆ ಇಳಿಸುವಲ್ಲಿ. ಒಂದು ತಾಸಿನ ಮಾತಿಗೆ ಆರೆಂಟು ತಾಸು ಹಿಡಿಯುತ್ತದೆ, ಬೆರಳಿನ ಚಲನೆಯನ್ನೂ ಬರೆದರೆ ಇನ್ನೂ ಹೆಚ್ಚು. ನಾನು ಮೂರು ಕಾಲಂ ಹಾಕುತ್ತೇನೆ: ಸಮಯ, ಮಾತು, ಕೈ. ತಾಯಿ ಮಗಳ ಬೆರಳು ಹಿಡಿದು “ಹಿಂಗಲ್ಲವ್ವಾ, ಕೆಳಗಿಂದ ತಗೋ... ಹಾಂ, ಬಿಡು” ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮಗಳು ತನ್ನಷ್ಟಕ್ಕೆ “ಕೆಳಗಿಂದ... ಹಾಂ” ಅನ್ನುತ್ತ ಕೊಂಡಿ ಹಾಕುತ್ತಾಳೆ. ಆಮೇಲೆ ತುಟಿ ಮಾತ್ರ ಅಲ್ಲಾಡುತ್ತದೆ. ಹೊರಗಿನ ಮಾತು ಒಳಗಿನ ಯೋಚನೆಯಾಗುತ್ತದೆ ಎಂದು ವೈಗೋಟ್ಸ್ಕಿ ಹೇಳಿದ್ದನ್ನು ಈ ಮೂರು ಸಾಲು ಹತ್ತಿರದಿಂದ ತೋರಿಸುತ್ತವೆ. ಇದನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿ “ಕೆಳಗಿನಿಂದ ತೆಗೆದುಕೋ” ಎಂದು ಬರೆದರೆ ಮಗಳು ಎತ್ತಿಕೊಂಡದ್ದು ತಾಯಿಯ ಮಾತನ್ನೇ ಎಂಬ ಆಧಾರವೇ ಅಳಿಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರೂ ಮೂಲ ಸಾಲನ್ನು ಕನ್ನಡ ಲಿಪಿಯಲ್ಲೇ ಇಟ್ಟು ಕೆಳಗೆ ಅನುವಾದ ಕೊಡಿ.

ಪ್ರಬಂಧದ ಪ್ರಗತಿ ನೋಡುವ ಸಂಶೋಧನಾ ಸಲಹಾ ಸಮಿತಿಯಲ್ಲಿ “ಇಷ್ಟೇ ಮನೆಗಳೇ? ಸಾಮಾನ್ಯೀಕರಣ ಹೇಗೆ?” ಎಂದು ಕೇಳಿಯೇ ಕೇಳುತ್ತಾರೆ. ಎಷ್ಟು ನೇಕಾರರು ಹೀಗೆ ಕಲಿಸುತ್ತಾರೆ ಎಂಬುದು ನಮ್ಮ ಪ್ರಶ್ನೆಯಲ್ಲ, ಕಲಿಕೆ ಹೇಗೆ ನಡೆಯುತ್ತದೆ ಎಂಬುದು ಪ್ರಶ್ನೆ. ಅದನ್ನು ಬಾಯಿಮಾತಿನಲ್ಲಿ ವಾದಿಸುವ ಬದಲು ಒಂದು ಪುಟ ಲಿಪ್ಯಂತರವನ್ನು ಎಲ್ಲರ ಮುಂದೆ ಇಟ್ಟು, ಸಾಲುಸಾಲಾಗಿ ವಿಶ್ಲೇಷಣೆ ಓದಿ. ಆ ಪುಟದ ಜೊತೆ ಅದೇ ಘಟನೆಯ ಕ್ಷೇತ್ರ ಟಿಪ್ಪಣಿಯೂ, ತಾರೀಖು ಸಮೇತ, ಕೈಯಲ್ಲಿರಲಿ.