ಬಿ.ಪಿ. ನೋಡುವ ಕೈ ಪಳಗುವುದು ಹೇಗೆ?

ರಾಯಚೂರು ಜಿಲ್ಲೆಯ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ರೋಗಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುವ ಕೆಲಸ ಎಷ್ಟೋ ಸಲ ಸಹಾಯಕ ಸಿಬ್ಬಂದಿಯ ಅಥವಾ ತರಬೇತಿಯಲ್ಲಿರುವ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಅವರು ಚೀಟಿಯ ಮೇಲೆ ಬರೆದ ಅಂಕಿಯನ್ನು ನಂಬಿಯೇ ವೈದ್ಯರು ಮಾತ್ರೆ ಆರಂಭಿಸುತ್ತಾರೆ. ಪಟ್ಟಿಗೆ ಗಾಳಿ ತುಂಬುವ ರಬ್ಬರ್ ಬಲ್ಬ್ ಒತ್ತುವುದನ್ನು ಬೇಗ ಕಲಿಯಬಹುದು. ಒತ್ತುವ ಮೊದಲಿನ ಸಿದ್ಧತೆಯನ್ನು ರೂಢಿಸಿಕೊಳ್ಳುವುದೇ ನಿಜವಾದ ತರಬೇತಿ.

ಮೊದಲ ಹಂತ, ಕೂರಿಸುವುದು. ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ಸಿನಲ್ಲಿ ಬಂದು, ಬಿಸಿಲಿನಲ್ಲಿ ನಡೆದು ಸಾಲಿನಲ್ಲಿ ನಿಂತವರನ್ನು ತಕ್ಷಣ ಪರೀಕ್ಷಿಸಿದರೆ ಒತ್ತಡ ಹೆಚ್ಚಾಗಿ ಕಾಣುವ ಸಂಭವವಿದೆ. "ಯಜಮಾನ್ರ, ಐದು ನಿಮಿಷ ಸುಮ್ನ ಕೂಡ್ರಿ, ಆಮೇಲೆ ನೋಡೋಣ್ರಿ" ಎಂದು ಹೇಳಿ, ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದಂತೆ ಪಾದಗಳನ್ನು ನೆಲದ ಮೇಲೆ ಇರಿಸಬೇಕು. ಹಿಂದಿನ 30 ನಿಮಿಷಗಳಲ್ಲಿ ಚಹಾ ಕುಡಿದಿದ್ದಾರೆಯೇ, ಬೀಡಿ ಸೇದಿದ್ದಾರೆಯೇ, ಮೂತ್ರಕ್ಕೆ ಹೋಗಬೇಕಾಗಿದೆಯೇ ಎಂದು ಮರ್ಯಾದೆಯಿಂದ ಕೇಳಬೇಕು. ಪರೀಕ್ಷೆಯ ನಡುವೆ ರೋಗಿಯೂ ಮಾತನಾಡಬಾರದು, ನಾವೂ ಮಾತನಾಡಿಸಬಾರದು.

ಎರಡನೆಯದು ಪಟ್ಟಿ. ಬಟ್ಟೆಯ ಮೇಲೆ ಕಟ್ಟಬಾರದು. ತುಂಬುತೋಳಿನ ಅಂಗಿಯನ್ನು ಬಿಗಿಯಾಗಿ ಮೇಲಕ್ಕೆ ಸುತ್ತಿದರೂ ಅಳತೆ ಕೆಡುತ್ತದೆ. ಪಟ್ಟಿಯೊಳಗಿನ ಗಾಳಿಚೀಲವು ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟನ್ನು ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇಲ್ಲದಷ್ಟು ಹೆಚ್ಚಾಗಿಯೂ, ಕೂಲಿ ಮಾಡಿ ಬಡಕಲಾದವರ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಕಡಿಮೆಯಾಗಿಯೂ ತೋರುತ್ತದೆ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ 2ರಿಂದ 3 ಸೆಂ.ಮೀ. ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಒರಗಿರಬೇಕು.

ಮೂರನೆಯ ಹಂತವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು, ಆದರೆ ಅತ್ಯಂತ ಮುಖ್ಯವಾದುದೂ ಅದೇ. ಸ್ಟೆತಸ್ಕೋಪ್ ಇಡುವ ಮೊದಲು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಗಾಳಿ ತುಂಬುತ್ತ ಹೋಗಬೇಕು. ಮಾಪಕ 130 ತೋರಿಸುವಾಗ ನಾಡಿಯ ಬಡಿತ ಬೆರಳಿಗೆ ಸಿಗದಾಯಿತೆನ್ನಿ; ಗಾಳಿಯನ್ನೆಲ್ಲ ಬಿಟ್ಟು, ತುಸು ತಡೆದು, ಈ ಬಾರಿ ಅದಕ್ಕಿಂತ 30 ಹೆಚ್ಚು, ಅಂದರೆ 160ರವರೆಗೆ ತುಂಬಬೇಕು. ಕೆಲವು ರೋಗಿಗಳಲ್ಲಿ ಸದ್ದು ಒಮ್ಮೆ ಕೇಳಿಸಿ, ನಡುವೆ ಅಡಗಿ, ಕೆಳಗೆ ಮತ್ತೆ ಕೇಳಿಸುತ್ತದೆ. ನಾಡಿ ನೋಡದೆ ಅಂದಾಜಿನಲ್ಲಿ ಗಾಳಿ ತುಂಬಿದವರು ಆ ಎರಡನೆಯ ಸದ್ದನ್ನೇ ಮೊದಲನೆಯದೆಂದು ಬರೆದುಬಿಡುತ್ತಾರೆ, ಅಧಿಕ ಒತ್ತಡ ಪತ್ತೆಯಾಗದೆ ಉಳಿಯುತ್ತದೆ.

ಬಳಿಕ ಮೊಣಕೈ ಮಡಿಕೆಯ ಒಳಬದಿಯ ನಾಡಿಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಮಾಪಕದ ಅಂಕಿ ಸೆಕೆಂಡಿಗೆ 2ರಿಂದ 3 ಮಿ.ಮೀ.ನಂತೆ (ರಕ್ತದೊತ್ತಡ ಅಳೆಯುವ ಪಾದರಸದ ಮಿ.ಮೀ.) ಇಳಿಯುವಂತೆ ಗಾಳಿ ಬಿಡಬೇಕು. ಮೊದಲು ಕೇಳಿದ ಬಡಿತ ಮೇಲಿನ ಅಂಕಿ. ಸದ್ದು ಪೂರ್ಣ ನಿಂತ ಜಾಗ ಕೆಳಗಿನ ಅಂಕಿ. ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ವಿವರಿಸಿದ ಸದ್ದುಗಳೇ ಇವು. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು; ಮೊದಲ ಭೇಟಿಯಲ್ಲಿ ಎರಡೂ ತೋಳುಗಳಲ್ಲಿ ನೋಡಬೇಕು. ಡಯಾಲಿಸಿಸ್‌ಗಾಗಿ ಶಸ್ತ್ರಚಿಕಿತ್ಸೆಯಾದ ಕೈಗೆ ಪಟ್ಟಿ ಕಟ್ಟಲೇಬಾರದು.

136 ಇದ್ದರೆ 136 ಎಂದೇ ಬರೆಯಬೇಕು; 140 ಎಂದು ದುಂಡಾಗಿಸಿದರೆ ಕಾಯಿಲೆಯ ಗೆರೆಯಾಚೆ ರೋಗಿಯನ್ನು ನಾವೇ ತಳ್ಳಿದಂತಾಗುತ್ತದೆ. ಅಂಕಿ 180/120 ದಾಟಿದ್ದು, ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತಿನ ತೊದಲುವಿಕೆ ಇದ್ದರೆ ಸಾಲು ಬಿಡಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ತರಬೇತಿ ಕೊಡುವವರಿಗೆ ಒಂದು ಮಾತು: ಒಂದೇ ಬಿಲ್ಲೆಗೆ ಎರಡು ಜೊತೆ ಕಿವಿನಳಿಕೆಗಳಿರುವ ಸ್ಟೆತಸ್ಕೋಪ್ ಬಳಸಿ, ಗುರು ಮತ್ತು ವಿದ್ಯಾರ್ಥಿ ಇಬ್ಬರೂ ಒಂದೇ ಸದ್ದು ಆಲಿಸಿ, ತಾವು ಕೇಳಿದ್ದನ್ನು ಪರಸ್ಪರ ತೋರಿಸದೆ ಬರೆಯಬೇಕು. ಎರಡೂ ಚೀಟಿಗಳು ಮತ್ತೆ ಮತ್ತೆ 4 ಮಿ.ಮೀ. ಅಂತರದೊಳಗೆ ಹೊಂದಿಕೊಳ್ಳುವವರೆಗೆ ವಿದ್ಯಾರ್ಥಿಯನ್ನು ಒಬ್ಬಂಟಿಯಾಗಿ ರೋಗಿಯ ಮುಂದೆ ಕೂರಿಸಬಾರದು.