ವಿದ್ಯುತ್ ದರ ಏರಿಕೆಗೆ ಆಕ್ಷೇಪಣೆ ಬರೆಯುವುದು ಹೇಗೆ?

ಮಂಗಳೂರು, ಉಡುಪಿಯ ಮನೆಗಳಿಗೆ ಕರೆಂಟ್ ಕೊಡುವುದು ಮೆಸ್ಕಾಂ. ಯೂನಿಟ್‌ಗೆ ಎಷ್ಟು ಎಂದು ತೀರ್ಮಾನಿಸುವುದು ಬೆಂಗಳೂರಿನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಆಯೋಗ ಜನರ ಆಕ್ಷೇಪಣೆಗಳನ್ನು ಪರಿಗಣಿಸಿ, ಮೆಸ್ಕಾಂನ ದರ ಅರ್ಜಿ ತಲುಪಿದ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ನಾವು ಮಾತನಾಡಬೇಕಾದದ್ದು ಈ ಅವಧಿಯಲ್ಲಿ. ಬಿಲ್ ಏರಿದ ಮೇಲೆ ಮೆಸ್ಕಾಂನ ಸೆಕ್ಷನ್ ಆಫೀಸಿನಲ್ಲಿ ಜಗಳವಾಡಿ ಉಪಯೋಗವಿಲ್ಲ.

ದರ ಪರಿಷ್ಕರಣೆಯ ಅರ್ಜಿ ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ಆಯೋಗಕ್ಕೆ ಹೋಗುತ್ತದೆ. ಆಮೇಲೆ ಪತ್ರಿಕೆಗಳಲ್ಲಿ ಬರುವ ಪ್ರಕಟಣೆಯನ್ನು ಕತ್ತರಿಸಿಟ್ಟುಕೊಳ್ಳಿ: ಕೊನೆಯ ದಿನಾಂಕ, ಎಷ್ಟು ಪ್ರತಿ, ಅಫಿಡವಿಟ್ ಬೇಕೇ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಪೂರ್ತಿ ಅರ್ಜಿ ಮೆಸ್ಕಾಂ ಜಾಲತಾಣದಲ್ಲಿ ಸಿಗುತ್ತದೆ.

ಅರ್ಜಿ ದಪ್ಪಗಿದೆ ಎಂದು ಹೆದರಬೇಡಿ. ಮೊದಲು ನೋಡಬೇಕಾದ್ದು ವಿದ್ಯುತ್ ಖರೀದಿ ಮತ್ತು ವಿತರಣಾ ನಷ್ಟದ (ಕೊಂಡರೂ ಬಿಲ್ ಆಗದೆ ಸೋರಿಹೋಗುವ ಕರೆಂಟ್) ಕೋಷ್ಟಕ. ವೆಚ್ಚದ ದೊಡ್ಡ ಪಾಲು ಖರೀದಿಯದ್ದೇ. ಲೆಕ್ಕ ಸರಳ. ಯೂನಿಟ್‌ಗೆ 5 ರೂಪಾಯಿಯಂತೆ 100 ಯೂನಿಟ್ ಕೊಂಡು 90ಕ್ಕೆ ಮಾತ್ರ ಬಿಲ್ ಆದರೆ, ನಷ್ಟ ಶೇ 10. ಮಾರಿದ ಪ್ರತಿ ಯೂನಿಟ್‌ಗೆ 5.56 ರೂಪಾಯಿ ಬೀಳುತ್ತದೆ. ನಷ್ಟ ಶೇ 8ಕ್ಕೆ ಇಳಿದರೆ 5.43. ಈ ಹನ್ನೆರಡು-ಹದಿಮೂರು ಪೈಸೆಯನ್ನು ಗ್ರಾಹಕರು ಏಕೆ ಕೊಡಬೇಕು ಎಂದು ಕೇಳುವುದೇ ಒಳ್ಳೆಯ ಆಕ್ಷೇಪಣೆ.

ಇನ್ನೊಂದು ಸೂಕ್ಷ್ಮ ಜಾಗ ಮೀಟರ್ ಇಲ್ಲದ ಕೃಷಿ ಪಂಪ್‌ಸೆಟ್. ಅಲ್ಲಿನ ಬಳಕೆ ಅಂದಾಜು. ಅಂದಾಜು ಹಿಗ್ಗಿದಷ್ಟೂ, ಸೋರಿಹೋದ ಯೂನಿಟ್‌ಗಳೂ ಪಂಪ್ ಬಳಸಿದ ಲೆಕ್ಕಕ್ಕೆ ಸೇರಿ, ನಷ್ಟ ಕುಗ್ಗಿದಂತೆ ಕಾಣುತ್ತದೆ. ಕರಾವಳಿಯ ಅಡಿಕೆ ತೋಟದ ಪಂಪ್ ಮಳೆಗಾಲದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಹಾಗಾಗಿ ತಿಂಗಳುವಾರು ಲೆಕ್ಕ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಂಕಿ ಬೇಸಿಗೆಯದ್ದಕ್ಕೆ ಹತ್ತಿರವಿದ್ದರೆ ಪುಟಸಂಖ್ಯೆ ಸಹಿತ ಎತ್ತಿ ತೋರಿಸಿ.

ಎರಡು ಪುಟ ಸಾಕು. ಹೆಸರು, ವಿಳಾಸ, ಅರ್ಜಿಯ ಯಾವ ಪುಟ, ಯಾವ ಅಂಕಿ, ಏಕೆ ತಪ್ಪು, ಏನು ಮಾಡಬೇಕು, ಕೆಳಗೆ ಸಹಿ. "ಬಡವರಿಗೆ ಹೊರೆ, ಏರಿಸಬೇಡಿ" ಎಂಬ ಮಾತು ನಿಜವೇ ಆದರೂ, ಅಷ್ಟನ್ನೇ ಬರೆದರೆ ಒಂದು ಸಾಲಿನ ಉತ್ತರದಲ್ಲಿ ಮುಗಿದುಹೋಗುತ್ತದೆ. ಮೀಟರ್ ಓಡುವ ವೇಗ, ತಪ್ಪು ಬಿಲ್ ಇತ್ಯಾದಿ ಸ್ವಂತ ದೂರುಗಳನ್ನು ಇದರಲ್ಲಿ ಸೇರಿಸಬೇಡಿ. ಅವಕ್ಕೆ 1912 ಸಹಾಯವಾಣಿ ಇದೆ, ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಬಿಲ್‌ನಲ್ಲಿರುವ ವಿದ್ಯುತ್ ತೆರಿಗೆ, ಗೃಹಜ್ಯೋತಿ ಸಬ್ಸಿಡಿ ಸರ್ಕಾರದ ತೀರ್ಮಾನ; ಅವುಗಳ ಬಗ್ಗೆ ಇಲ್ಲಿ ಬರೆದು ಫಲವಿಲ್ಲ.

ಆಯೋಗದ ಕಾರ್ಯದರ್ಶಿಗೆ ಕಳಿಸಿದ್ದರ ಒಂದು ಪ್ರತಿ ಮಂಗಳೂರಿನ ಬಿಜೈಯ ಮೆಸ್ಕಾಂ ಪ್ರಧಾನ ಕಚೇರಿಗೂ ತಲುಪಬೇಕು. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಮೆಸ್ಕಾಂನ ಲಿಖಿತ ಉತ್ತರ ಬಂದರೆ ಅದನ್ನು ಹಿಡಿದುಕೊಂಡೇ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೆ ಹೋಗಿ. ಮಾತಿಗೆ ಸಿಗುವುದು ಕೆಲವೇ ನಿಮಿಷ. ಬರೆದದ್ದನ್ನು ಓದುತ್ತ ಕೂರದೆ, ಉತ್ತರ ಸಿಗದ ಪ್ರಶ್ನೆಯನ್ನಷ್ಟೇ ಮತ್ತೆ ಕೇಳಿ.

ಆದೇಶ ಬಂದಾಗ ಆಕ್ಷೇಪಣೆಗಳ ಭಾಗ ತೆರೆದು ನೋಡಿ: ಜನ ಕೇಳಿದ್ದು, ಮೆಸ್ಕಾಂ ಹೇಳಿದ್ದು, ಆಯೋಗದ ಅಭಿಪ್ರಾಯ ಮೂರೂ ಇರುತ್ತವೆ. ಒಪ್ಪಿಗೆಯಾಗದಿದ್ದರೆ ಆದೇಶದ ಪ್ರತಿ ಕೈಸೇರಿದ 45 ದಿನಗಳೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.